ಸ್ವಂತ ಇಚ್ಛೆಯಿಂದ, ಆದೇಶದ ಮೇರೆಗೆ

ಶಿಕ್ಷಕರೇ ಮುಂದೆ ನಿಂತು ತಮ್ಮ ವೃತ್ತಿಯನ್ನು ತಾವೇ ಬೆಳೆಸಿಕೊಳ್ಳಬೇಕು ಎಂದು ಶಿಕ್ಷಕರಲ್ಲದವರೆಲ್ಲ ಸೇರಿ ತೀರ್ಮಾನ ಮಾಡಿ ಬಹಳ ಕಾಲವಾಯಿತು. ಆ ಸಭೆಗೆ ಶಿಕ್ಷಕರನ್ನೇಕೆ ಕರೆಯಲಿಲ್ಲ ಎಂದು ಯಾರೂ ಕೇಳಬಾರದು. ಅವತ್ತು ಅವರು ಬೇರೊಂದು ತರಬೇತಿಯಲ್ಲಿದ್ದರು.

ಮುಂದಾಳುಗಳನ್ನು ಆರಿಸುವ ಬಗೆಯಂತೂ ಸೊಗಸು. ತಾಲ್ಲೂಕಿನಲ್ಲಿ ಯಾರ ಪಾಠ ಚೆನ್ನ, ಯಾರ ತರಗತಿಯ ಮಕ್ಕಳು ತಡವರಿಸದೆ ಓದುತ್ತಾರೆ ಎಂದು ಹುಡುಕಿ, ಅವರನ್ನು ಕರೆತಂದು ಉಳಿದವರಿಗೆ ಹೇಳಿಕೊಡಿ ಎನ್ನುತ್ತಾರೆಂದು ಹೊರಗಿನವರು ಅಂದುಕೊಂಡಿರಬಹುದು. ಅಷ್ಟೆಲ್ಲ ಹುಡುಕಲು ಯಾರಿಗೆ ಪುರುಸೊತ್ತು? ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಗೆ ಹತ್ತಿರ ಮನೆ, ಕೈಯಲ್ಲೊಂದು ಲ್ಯಾಪ್‌ಟಾಪ್, ಇಲ್ಲ ಎನ್ನಲು ಬಾರದ ಬಾಯಿ. ಈ ಮೂರು ಕೂಡಿದರೆ ಸಂಪನ್ಮೂಲ ವ್ಯಕ್ತಿ, ಅಂದರೆ ಆರ್‌ಪಿ, ಸಿದ್ಧ. ಮೂರರಲ್ಲಿ ಕೊನೆಯ ಅರ್ಹತೆಯೇ ಮುಖ್ಯ. ಲ್ಯಾಪ್‌ಟಾಪ್ ಅಳಿಯನದ್ದಾದರೂ ನಡೆಯುತ್ತದೆ. ರಾತ್ರಿ ಒಂಬತ್ತರ ಹೊತ್ತಿಗೆ ಕ್ಲಸ್ಟರಿನ ಹೊಣೆ ಹೊತ್ತ ಸಿಆರ್‌ಪಿಯ ಫೋನು ಬರುತ್ತದೆ.

“ಮೇಡಂ, ನಾಳೆ ಗಣಿತ ತರಬೇತಿಗೆ ನೀವೇ ಆರ್‌ಪಿ.”

“ಸರ್, ನಾನು ತಗೊಳ್ಳೋದು ಕನ್ನಡ.”

“ಆರ್ಡರ್ ಆಗ್ಬಿಟ್ಟಿದೆ ಮೇಡಂ.”

“ಜಿಲ್ಲಾ ಮಟ್ಟದ ತರಬೇತಿಗೇ ನಾನು ಹೋಗಿಲ್ಲವಲ್ಲ ಸರ್.”

“ಹೋಗಿದ್ದೋರಿಗೆ ಟ್ರಾನ್ಸ್‌ಫರ್ ಆಯ್ತು. ಪಿಪಿಟಿ ಹಾಕಿದೀನಿ, ಒಂದ್ಸಲ ಕಣ್ಣಾಡಿಸಿ ಸಾಕು. ಹಾಂ, ಇನ್ನೊಂದು. ಸ್ವಂತ ಇಚ್ಛೆಯಿಂದ ಒಪ್ಪಿದೀನಿ ಅಂತ ಒಂದು ಲೈನ್ ಬರೆದು, ಸೈನ್ ಮಾಡಿ, ಫೋಟೋ ಕಳಿಸಿಬಿಡಿ. ಈಗಲೇ ಬೇಕಂತೆ.”

ಸಿಆರ್‌ಪಿಯನ್ನು ಬೈದು ಪ್ರಯೋಜನವಿಲ್ಲ. ಅವರೂ ಮೊನ್ನೆ ಮೊನ್ನೆಯ ತನಕ ಸೀಮೆಸುಣ್ಣ ಹಿಡಿದಿದ್ದವರೇ. ಈಗ ಅವರ ಕೆಲಸ ಮೇಲಿನಿಂದ ಬಂದದ್ದನ್ನು ಕೆಳಕ್ಕೆ ದಾಟಿಸುವುದು, ಕೆಳಗಿನಿಂದ ಬಂದ ಅಂಕಿ ಅಂಶವನ್ನು ಮೇಲಕ್ಕೆ ಏರಿಸುವುದು. ರಾಜ್ಯ, ಜಿಲ್ಲೆ, ತಾಲ್ಲೂಕು, ಕ್ಲಸ್ಟರ್ ಎಂಬ ನಾಲ್ಕು ಮೆಟ್ಟಿಲಿನ ಈ ಏರ್ಪಾಟಿನಲ್ಲಿ ಬೆಂಗಳೂರಿನ ರಾಜ್ಯ ತರಬೇತಿ ಸಂಸ್ಥೆಯಾದ ಡಿಎಸ್‌ಇಆರ್‌ಟಿಯಿಂದ ಗಟ್ಟಿ ಮೊಸರಾಗಿ ಹೊರಟ ಜ್ಞಾನ ಜಿಲ್ಲೆಯ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಮಜ್ಜಿಗೆಯಾಗಿ, ಬಿಆರ್‌ಸಿಯಲ್ಲಿ ನೀರುಮಜ್ಜಿಗೆಯಾಗಿ, ಕ್ಲಸ್ಟರಿಗೆ ಮುಟ್ಟುವಾಗ ಬರೀ ಒಗ್ಗರಣೆ ವಾಸನೆಯ ನೀರಾಗಿರುತ್ತದೆ. ಐದು ದಿನದ ತರಬೇತಿ ಮೂರು ದಿನವಾಗಿ, ಮೂರು ಒಂದಾಗಿ, ಆ ಒಂದೂ ಮಧ್ಯಾಹ್ನದ ಊಟದವರೆಗಿನದಾಗಿ ಇಳಿಯುತ್ತದೆ. ದಾರಿಯಲ್ಲಿ ಎಲ್ಲೂ ಸೋರದೆ ಇಡಿಯಾಗಿ ಬಂದು ಸೇರುವುದು ಹಾಜರಾತಿ ನಮೂನೆಯೊಂದೇ.

ಹಾಗೆಂದು ಶಿಕ್ಷಕರ ಬೆಳವಣಿಗೆಗೆ ಸಮಯ ಕೊಡುವುದರಲ್ಲಿ ದೇಶ ಜಿಪುಣತನ ತೋರಿಲ್ಲ. 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ, ಪ್ರತಿ 5 ವರ್ಷದ ಸೇವೆಯಲ್ಲಿ ಶಿಕ್ಷಕರಿಗೆ ಎರಡು ಮೂರು ತಿಂಗಳಾದರೂ ತರಬೇತಿ ಸಿಗಬೇಕು ಎಂದಿತು. ಆಮೇಲೆ ಬಂದ ಸರ್ವ ಶಿಕ್ಷಣ ಅಭಿಯಾನ ವರ್ಷಕ್ಕೆ 20 ದಿನ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ಎನ್ನುತ್ತಿದೆ. ತಿಂಗಳು ಹೋಗಿ ದಿನ ಬಂತು, ದಿನ ಹೋಗಿ ಗಂಟೆ ಬಂತು. ಮುಂದಿನ ನೀತಿ ನಿಮಿಷದ ಲೆಕ್ಕದಲ್ಲಿ ಬರೆಯುವುದು ಖಚಿತ. 50ಕ್ಕಿಂತ 3,000 ದೊಡ್ಡದಾಗಿ ಕಾಣುತ್ತದೆ, ಪತ್ರಿಕಾಗೋಷ್ಠಿಗೂ ಒಳ್ಳೆಯದು.

ಆ 50 ಗಂಟೆಯ ಮಾತಿನ ಜೊತೆಗೇ ನೀತಿಯಲ್ಲಿ ಇನ್ನೊಂದು ಮಾತಿದೆ. ಈ ಕಲಿಕೆ ಶಿಕ್ಷಕರ ಸ್ವಂತ ಆಸಕ್ತಿಯಿಂದ ನಡೆಯಬೇಕಂತೆ. ಯಾರೋ ಒಳ್ಳೆಯವರು ಕರಡು ತಿದ್ದುವಾಗ ಸೇರಿಸಿದ್ದಿರಬೇಕು, ತೆಗೆಯುವುದನ್ನು ಉಳಿದವರು ಮರೆತಿರಬೇಕು. ಶಿಕ್ಷಕರಿಗೆ ಯಾವುದರಲ್ಲಿ ಆಸಕ್ತಿ ಇರಬೇಕು ಎಂಬುದು ಆಯಾ ತಿಂಗಳ ಮೊದಲ ವಾರದಲ್ಲಿ ಅವರಿಗೆ ತಿಳಿಯುತ್ತದೆ, ಲಿಂಕ್ ಸಮೇತ.

ಲಿಂಕ್ ಎಂದಾಗ ನಿಷ್ಠಾ ಎಂಬ ತರಬೇತಿ ನೆನಪಿಗೆ ಬರಬೇಕು. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಶುರು ಮಾಡಿದಾಗ ಗುರಿ ಇದ್ದದ್ದು ಸುಮಾರು 42 ಲಕ್ಷ ಶಿಕ್ಷಕರನ್ನೂ ಶಾಲಾ ಮುಖ್ಯಸ್ಥರನ್ನೂ ತಲುಪುವುದು. ಕೋವಿಡ್ ಬಂತು. 2020ರ ಅಕ್ಟೋಬರಿನಿಂದ ತರಬೇತಿ ದೀಕ್ಷಾ ಎಂಬ ಆನ್‌ಲೈನ್ ವೇದಿಕೆ ಹತ್ತಿ 18 ಕೋರ್ಸುಗಳಾಯಿತು. ದೀಕ್ಷೆಯಾದದ್ದು ಹೆಚ್ಚಾಗಿ ಅಡುಗೆಮನೆಗಳಲ್ಲಿ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ವಿಡಿಯೋ ಹಚ್ಚಿಟ್ಟರೆ ಕುಕ್ಕರ್ ಕೂಗುವುದರೊಳಗೆ ಮಕ್ಕಳ ಸಾಮಾಜಿಕ ವೈಯಕ್ತಿಕ ಗುಣಗಳು ಅರ್ಧ ಮುಗಿದಿರುತ್ತಿದ್ದವು. ಕೊನೆಯ ಪ್ರಶ್ನೆಪತ್ರಿಕೆಗೆ ಉತ್ತರಗಳು ಶಿಕ್ಷಕರ ಫೋನ್ ಗುಂಪಿನಲ್ಲಿ ಮೊದಲೇ ಬಂದು ಬಿದ್ದಿರುತ್ತಿದ್ದವು. ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯುವುದಿಲ್ಲ ಎಂದು ಯಾರು ಹೇಳಿದರು? ಪ್ರಮಾಣಪತ್ರ ಬಂದ ದಿನ ಕೆಲವರು ಅದನ್ನು ಸ್ಟೇಟಸ್ಸಿಗೆ ಹಾಕಿದರು. ಉಳಿದವರು ಫೋನಿನಲ್ಲಿ ಜಾಗವಿಲ್ಲವೆಂದು ಅಳಿಸಿದರು.

ಈಗ ಎದುರುಬದುರು ನಡೆಯುವ ತರಬೇತಿಗೆ ಬನ್ನಿ. ಹತ್ತಕ್ಕೆ ಎಂದದ್ದು ಹತ್ತೂಮುಕ್ಕಾಲಿಗೆ ಶುರುವಾಗುತ್ತದೆ. ಪ್ರಾರ್ಥನೆ, ಸ್ವಾಗತ, ಕುಂಡದ ಸಸಿಗೆ ಗಣ್ಯರಿಂದ ನೀರು. ಆ ಸಸಿಗೆ ನೀರು ಸಿಗುವುದು ಉದ್ಘಾಟನೆಯ ದಿನ ಮಾತ್ರ. ಆದರೂ ಸೊಂಪಾಗಿ ಬೆಳೆದಿದೆ ಎಂದರೆ ಉದ್ಘಾಟನೆಗಳೆಷ್ಟು ಎಂದು ಲೆಕ್ಕ ಹಾಕಿಕೊಳ್ಳಿ. “ಐದೇ ನಿಮಿಷ, ನಿಮ್ಮ ಸಮಯ ತಗೊಳ್ಳಲ್ಲ” ಎಂದು ಎದ್ದ ಸಾಹೇಬರು, ತರಗತಿಯಲ್ಲಿ ಶಿಕ್ಷಕರು ಮಾತು ಕಡಿಮೆ ಮಾಡಿ ಮಕ್ಕಳನ್ನು ಮಾತಾಡಿಸಬೇಕು ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಓದಿ ಒಪ್ಪಿಸುವ ಪದ್ಧತಿ ಹೋಗಬೇಕು ಎಂಬ ಸಾಲನ್ನು ಪರದೆಯ ಮೇಲಿಂದ ಓದಿ ಒಪ್ಪಿಸುತ್ತಾರೆ. ಬಳಿಕ ಜಡತೆ ಕಳೆಯುವ ಆಟ. ನಿವೃತ್ತಿಗೆ ಎಂಟು ತಿಂಗಳಿರುವ ಮೇಷ್ಟ್ರು ಒಂದು ಕೈಯಲ್ಲಿ ಮಂಡಿ, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದುಕೊಂಡು ಕಪ್ಪೆಯ ಹಾಗೆ ಕುಪ್ಪಳಿಸುತ್ತಾರೆ. ಜಡತೆ ಹೋಗುತ್ತದೆ, ಮಂಡಿ ನೋವು ಉಳಿಯುತ್ತದೆ.

ಸರ್ಕಾರಿ ಶಾಲೆಯ ಮೊದಲ ತರಗತಿಗಳಲ್ಲಿ ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯನ್ನು ಕಂಡವರಿಗೆ ಗೊತ್ತು, ಅಲ್ಲಿ ಮಕ್ಕಳು ‘ತಟ್ಟೆ’ ಎಂಬ ಐದು ಗುಂಪುಗಳಲ್ಲಿ ಕೂರುತ್ತಾರೆ. ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರು, ಭಾಗಶಃ ಬೇಕಾದವರು, ಗೆಳೆಯರ ಪೂರ್ಣ ಬೆಂಬಲದವರು, ಭಾಗಶಃ ಬೆಂಬಲದವರು, ಕೊನೆಗೆ ಸ್ವಕಲಿಕೆಯವರು. ತರಬೇತಿಯ ಕೊಠಡಿಯಲ್ಲೂ ಯಾರೂ ಹೇಳದೆಯೇ ಈ ವಿಂಗಡಣೆ ಆಗಿಹೋಗಿರುತ್ತದೆ. ಮುಂದಿನ ಸಾಲಿನಲ್ಲಿ ಸಾಹೇಬರ ಪೂರ್ಣ ಬೆಂಬಲಿತರು. ಪ್ರತಿ ಮಾತಿಗೂ ತಲೆದೂಗುವ ಹೊಣೆ ಅವರದು. ಎರಡನೆಯದು ಭಾಗಶಃ ಬೆಂಬಲಿತರ ಸಾಲು. ಸಾಹೇಬರು ಈ ಕಡೆ ತಿರುಗಿದಾಗ ಬರೆದುಕೊಳ್ಳುತ್ತಾರೆ. ನಡುವೆ ಗೆಳೆಯರ ಬೆಂಬಲದ ಎರಡು ಸಾಲು. ಅಲ್ಲಿ ಏಳನೇ ವೇತನ ಆಯೋಗ, ಹಳೇ ಪಿಂಚಣಿ, ಮಗಳ ಸಿಇಟಿ ರ‍್ಯಾಂಕು, ಕೋರಿಕೆ ವರ್ಗಾವಣೆಯ ಅಂಕಗಳು ಎಲ್ಲವೂ ಗುಂಪು ಚರ್ಚೆಯಾಗುತ್ತವೆ. ಅವತ್ತಿನ ಇಡೀ ದಿನದಲ್ಲಿ ನಿಜವಾದ ಸಹಭಾಗಿ ಕಲಿಕೆ ನಡೆಯುವುದು ಇಲ್ಲೇ. ಗೋಡೆಗೆ ಒರಗಿದ ಕೊನೆಯ ಸಾಲು ಸ್ವಕಲಿಕೆಯದು. ತಲೆ ಬಗ್ಗಿಸಿ ಇಲಾಖೆಯ ವಿದ್ಯಾರ್ಥಿ ದತ್ತಾಂಶದ ತಾಣವಾದ ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬುತ್ತಿರುತ್ತಾರೆ, ಏಕೆಂದರೆ ಅದಕ್ಕೂ ಇವತ್ತೇ ಕೊನೆಯ ದಿನ.

ಗುಂಪು ಕೆಲಸಕ್ಕೆ ಚಾರ್ಟು, ಮಾರ್ಕರು ಬರುತ್ತವೆ. ಅಕ್ಷರ ಮುದ್ದಾಗಿರುವವರು ಬರೆಯುತ್ತಾರೆ, ಗಂಟಲು ಗಟ್ಟಿ ಇರುವವರು ಮಂಡಿಸುತ್ತಾರೆ, ಮಿಕ್ಕವರು ಚಪ್ಪಾಳೆ ಹೊಡೆಯುತ್ತಾರೆ. ಬ್ಯಾನರು ಕಾಣುವ ಹಾಗೆ ಒಂದು ಫೋಟೋ, ಜಿಪಿಎಸ್ ಕಾಣುವ ಹಾಗೆ ಇನ್ನೊಂದು. ಹೊಳೆಗೆ ಸುರಿದರೂ ಅಳೆದು ಸುರಿ ಎಂದ ಹಿರಿಯರಿಗೆ ಇಲಾಖೆಯಷ್ಟು ವಿಧೇಯ ಶಿಷ್ಯರು ಬೇರೆ ಸಿಗಲಿಕ್ಕಿಲ್ಲ. ತರಬೇತಿಗೆ ಮೊದಲು ಒಂದು ಪರೀಕ್ಷೆ, ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಎಂದು ನಿಯಮವಿದ್ದರೆ ಎರಡನ್ನೂ ಸಂಜೆ ಒಟ್ಟಿಗೆ ತುಂಬಿಸುವುದುಂಟು. ಮೊದಲನೆಯದರಲ್ಲಿ ಎರಡು ತಪ್ಪು ಬರೆಯಿರಿ ಎಂಬ ಸೂಚನೆಯೂ ಬರುತ್ತದೆ, ಇಲ್ಲದಿದ್ದರೆ ಸುಧಾರಣೆ ತೋರಿಸುವುದು ಹೇಗೆ?

ಇದರ ಮಧ್ಯೆ ಯಾರೋ ಒಬ್ಬ ಮೇಡಂ ಎದ್ದು ನಿಂತು ರಂಗಭಂಗ ಮಾಡುತ್ತಾರೆ.

“ಸರ್, ಈ ಚಟುವಟಿಕೆಗೆ ಮೂವತ್ತು ಮಕ್ಕಳು, ಆರು ಗುಂಪು ಅಂದ್ರಿ. ನನ್ನ ಶಾಲೇಲಿ ಒಂದರಿಂದ ಐದರ ತನಕ ಸೇರಿ ಹದಿನೇಳು ಮಕ್ಕಳು. ಟೀಚರ್ ನಾನೊಬ್ಬಳೇ. ಇದನ್ನ ಯಾವ ಕ್ಲಾಸಿಗೆ, ಹೇಗೆ ಮಾಡ್ಲಿ?”

“ಬಹಳ ಒಳ್ಳೆ ಪ್ರಶ್ನೆ ಮೇಡಂ. ಊಟ ಆದ್ಮೇಲೆ ತಗೊಳ್ಳೋಣ.”

ಊಟದಲ್ಲಿ ಪಲಾವ್ ಇರುತ್ತದೆ. ಊಟ ಆದ ಮೇಲೆ ಹಿಮ್ಮಾಹಿತಿಯ ಲಿಂಕ್ ಇರುತ್ತದೆ. ಒಂದರಿಂದ ಐದು ನಕ್ಷತ್ರದಲ್ಲಿ ಒಂದನ್ನು ಒತ್ತಬೇಕು. ಪ್ರಶ್ನೆ ಬರೆಯಲು ಜಾಗವಿರುವುದಿಲ್ಲ.

ಆ ಮೇಡಂ ಇಲ್ಲಿ ಕೂತಿರುವಾಗ ಅವರ ಹದಿನೇಳು ಮಕ್ಕಳು ಎಲ್ಲಿದ್ದಾರೆ? ರಾಜ್ಯದಲ್ಲಿ ಏಕೋಪಾಧ್ಯಾಯ ಶಾಲೆಗಳು ಸಾವಿರಾರು ಇವೆ. ಅಲ್ಲಿಯ ಶಿಕ್ಷಕರು ಅನ್ಯಕಾರ್ಯ ನಿಮಿತ್ತ (ಓಓಡಿ) ಹೊರಟರೆ ಪಕ್ಕದೂರಿನ ಶಾಲೆಯಿಂದ ಒಬ್ಬರು ಬಂದು ಬಾಗಿಲು ತೆಗೆಯಬೇಕು. ಪಕ್ಕದೂರಿನವರೂ ಒಬ್ಬರೇ ಆಗಿದ್ದರೆ ಬಿಸಿಯೂಟದ ಅಡುಗೆಯಮ್ಮನೇ ಗತಿ. ಮುಖ್ಯಶಿಕ್ಷಕಿ, ಸಹಶಿಕ್ಷಕಿ, ಗುಮಾಸ್ತೆ, ಗಂಟೆ ಹೊಡೆಯುವವರು ಎಲ್ಲ ತಾವೇ ಆಗಿರುವ ಒಬ್ಬ ಮನುಷ್ಯರಿಗೆ ಸಹೋದ್ಯೋಗಿಗಳೊಡನೆ ಕೂಡಿ ಕಲಿಯಿರಿ ಎಂದು ಹೇಳಲು ಬಹಳ ಧೈರ್ಯ ಬೇಕು. ಇಲಾಖೆಗೆ ಆ ಧೈರ್ಯಕ್ಕೇನೂ ಕೊರತೆಯಿಲ್ಲ.

ಇನ್ನು, ಪಾಠ ಮಾಡದೆ ಇರುವಾಗ ಬೆಳೆಯುವ ವೃತ್ತಿ ಕೌಶಲಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿಲ್ಲ ಎಂಬುದು ನನ್ನ ದೂರು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಬಾಗಿಲಿಗೆ ಕೀಲಿ ಹಾಕಿ ಮೂರು ಕಿಟಕಿ ತೆರೆದಿಟ್ಟ ಹಾಗಾಯಿತು. ಸರ್ಕಾರಕ್ಕೆ ನುಗ್ಗಲು ಕಿಟಕಿಯೇ ಸಾಕು. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, 60 ಪ್ರಶ್ನೆಗಳ ಪಟ್ಟಿ ಹಿಡಿದು ಮನೆ ಮನೆ ಸುತ್ತಿದವರಲ್ಲಿ ಬಹುಪಾಲು ಶಿಕ್ಷಕರೇ. ಹೇಳಿದ ದಿನಕ್ಕೆ ಮುಗಿಯದೆ ದಸರಾ ರಜೆಯನ್ನೇ ಅಕ್ಟೋಬರ್ 18ರ ತನಕ ಎಳೆಯಬೇಕಾಯಿತು. ನಾಯಿಯಿದ್ದ ಮನೆಗೆ ಯಾವ ಕಡೆಯಿಂದ ಹೋಗಬೇಕು, ಕತ್ತಲ ಮೂಲೆಯ ವಿದ್ಯುತ್ ಮೀಟರಿನ ನಂಬರನ್ನು ಹೇಗೆ ಓದಬೇಕು, ಅತ್ತೆ ಸೊಸೆ ಬೇರೆ ಬೇರೆ ಉತ್ತರ ಕೊಟ್ಟರೆ ಯಾರದ್ದನ್ನು ಬರೆಯಬೇಕು ಎಂಬ ವಿದ್ಯೆಗಳನ್ನು ಯಾವ ಡಯಟ್ ಕಲಿಸೀತು? ಇದಕ್ಕೆ 50 ಗಂಟೆಯಲ್ಲಿ ಒಂದಿಷ್ಟು ವಜಾ ಮಾಡಿಕೊಟ್ಟರೆ ಗಂಟೇನು ಹೋಗುತ್ತದೆ?

ಇಷ್ಟು ಕೇಳಿದ ಮೇಲೆ ಯಾರಾದರೂ ಕೇಳಬಹುದು: ನಮ್ಮಲ್ಲಿ ಶಿಕ್ಷಕರೇ ಮುಂದೆ ನಿಂತು ಕಟ್ಟಿದ್ದು ಒಂದೂ ಇಲ್ಲವೇ? ಇದೆ. ತಕರಾರು ಇರುವುದೇ ಅಲ್ಲಿ.

1995ರ ಮಾತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕು. ಒಂದು ಕಡೆ ಕಬಿನಿ, ಇನ್ನೊಂದು ಕಡೆ ನಾಗರಹೊಳೆ ಕಾಡು, ನಡುವೆ ಹಾಡಿಗಳು. ಒಬ್ಬಿಬ್ಬರು ಶಿಕ್ಷಕರು, ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ, ಇವತ್ತು ಬಂದು ಮುಂದಿನ ವಾರ ಬಾರದ ಮಕ್ಕಳು. ಇಂಥ ಕಡೆ ಪಠ್ಯಪುಸ್ತಕ ಎಲ್ಲ ಮಕ್ಕಳನ್ನೂ ಒಂದೇ ಹೆಜ್ಜೆಯಲ್ಲಿ ನಡೆಸಲು ನೋಡುತ್ತದೆ. ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ. ಅಲ್ಲಿಯ ಒಂದಷ್ಟು ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡು ಇಟ್ಟುಕೊಂಡು ಕಲಿಯುವ ಮಕ್ಕಳನ್ನು ಕಂಡು ಬಂದರು. ಬಂದು ಸುಮ್ಮನೆ ಕೂರಲಿಲ್ಲ. ಯುನಿಸೆಫ್‌ನ ಬೆಂಬಲವೂ ಇತ್ತು, ಮೇಲಿನವರು ಸ್ವಲ್ಪ ದಿನ ಅಡ್ಡ ಬರಲಿಲ್ಲ. ಕನ್ನಡದ ಅಕ್ಷರಗಳನ್ನು ವರ್ಣಮಾಲೆಯ ಸಾಲು ಬಿಟ್ಟು, ಬರೆಯಲು ಹಗುರಾದವು ಮೊದಲು ಬರುವಂತೆ ಜೋಡಿಸಿದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲಾಗಿ ಒಡೆದು ಕಲಿಕಾ ಏಣಿ ಮಾಡಿದರು. ತಪ್ಪಿಸಿಕೊಂಡ ಮಗು ಬಂದರೆ ತಾನು ಇಳಿದುಹೋದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ನಲಿ-ಕಲಿ ಹುಟ್ಟಿದ್ದು ಹೀಗೆ. ಇದರಲ್ಲಿ ತರಬೇತಿ ಯಾವುದು, ಕೆಲಸ ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ಅವತ್ತಿನ ತೊಡಕು ಅವರದ್ದೇ, ಬಿಡಿಸಿದವರೂ ಅವರೇ.

ಶಿಕ್ಷಕರು ಇಷ್ಟು ಮಾಡಿದರೆ ಇಲಾಖೆ ಸುಮ್ಮನಿದ್ದೀತೇ? ಮೆಚ್ಚಿತು. ಇಲಾಖೆ ಮೆಚ್ಚಿದ್ದು ಉಳಿದ ಉದಾಹರಣೆ ಕಡಿಮೆ. ಕಾರ್ಡುಗಳು ತಾಲ್ಲೂಕು ದಾಟಿದವು, ಅಚ್ಚಾದವು. 2009-10ರ ಹೊತ್ತಿಗೆ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಕಡ್ಡಾಯವಾಗಿ ಇಳಿಯಿತು. ಕೋಟೆಯ ಕಾಡಂಚಿನ ಮಗುವಿಗೆಂದು ಹೊಲಿದ ಅಂಗಿಯನ್ನು ಬೀದರಿನ ಮಗುವಿಗೂ ಅದೇ ಅಳತೆಯಲ್ಲಿ ತೊಡಿಸಿ, ಅಂಗಿ ಬಿಗಿಯಾದರೆ ಮಗುವಿನದೇ ತಪ್ಪು ಎನ್ನಲಾಯಿತು. ದುಂಡು ಮೇಜು ಇಷ್ಟು, ಮಕ್ಕಳ ಕೆಲಸ ತೂಗುಹಾಕುವ ಚಪ್ಪರದ ದಾರ ಇಷ್ಟು, ತಟ್ಟೆ ಐದು. ಪರಿಶೀಲನೆಗೆ ಬಂದವರು ತಟ್ಟೆ ಎಣಿಸಿದರು, ಚಪ್ಪರ ನೋಡಿದರು, ಪ್ರಗತಿ ನೋಟದಲ್ಲಿ ಗುರುತು ಹಾಕಿದೆಯೇ ನೋಡಿದರು. ಮಗು ಓದುತ್ತದೆಯೇ ಎಂದೂ ಕೆಲವರು ನೋಡಿರಬಹುದು. ಯಾವನೋ ಒಬ್ಬ ಶಿಕ್ಷಕ ತನ್ನೂರಿನ ಜಾತ್ರೆಯ ಮೇಲೆ ಸ್ವಂತ ಕಾರ್ಡು ಬರೆದು ಇಟ್ಟನೆನ್ನಿ. “ಇದು ಕಿಟ್‌ನಲ್ಲಿ ಇಲ್ಲವಲ್ರೀ, ಯಾರು ಪರ್ಮಿಷನ್ ಕೊಟ್ರು?” ಎಂಬ ಪ್ರಶ್ನೆ ಎದುರಾಗುತ್ತದೆ. ಸ್ವಂತ ಕಾರ್ಡು ಬರೆದುಕೊಂಡದ್ದರಿಂದಲೇ ಹುಟ್ಟಿದ ಪದ್ಧತಿಯಲ್ಲಿ ಸ್ವಂತ ಕಾರ್ಡು ಬರೆಯುವುದು ಅಶಿಸ್ತಾಯಿತು. ಆಮೇಲೆ ಶಿಕ್ಷಕರಲ್ಲಿ ಸೃಜನಶೀಲತೆ ಸಾಲದು ಎಂದು ಅದಕ್ಕೊಂದು ತರಬೇತಿ ಬಂತು.

ಪದ್ಧತಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರಿಂದಲೇ ಅಕ್ಷರ ಕಂಡ ಮಕ್ಕಳು ಬಹಳ. ಆದರೆ ಕಾರ್ಡನ್ನು ಎಲ್ಲ ಶಾಲೆಗೂ ಸಾಗಿಸಿದ ಲಾರಿಯಲ್ಲಿ, ಕಾರ್ಡು ಬರೆದವರಿಗೆ ಸಿಕ್ಕಿದ್ದ ಸಲುಗೆಯನ್ನೂ ಒಂದು ಮೂಟೆ ಕಟ್ಟಿ ಹಾಕಬಹುದಿತ್ತು. ಅದಕ್ಕೆ ದಾಸ್ತಾನು ವಹಿಯಲ್ಲಿ ಕಾಲಂ ಇರಲಿಲ್ಲವೋ ಏನೋ.

ಜಪಾನಿನ ಶಾಲೆಗಳಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಒಂದು ರೂಢಿಯಿದೆ, ಜುಗ್ಯೋ ಕೆಂಕ್ಯೂ ಎಂದು. ನಾಲ್ಕಾರು ಶಿಕ್ಷಕರು ಕೂಡಿ ಒಂದು ಪಾಠವನ್ನು ವಾರಗಟ್ಟಲೆ ಯೋಚಿಸಿ ಕಟ್ಟುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಹಿಂದೆ ನಿಂತು ಮಕ್ಕಳನ್ನು ಗಮನಿಸುತ್ತಾರೆ. ಯಾವ ಮಗು ಎಲ್ಲಿ ತಡವರಿಸಿತು, ಯಾವ ಪ್ರಶ್ನೆಗೆ ಮುಖ ಅರಳಿತು ಎಂದು ಬರೆದುಕೊಂಡು, ಸಂಜೆ ಕೂತು ಪಾಠವನ್ನು ತಿದ್ದುತ್ತಾರೆ. 1999ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇದರ ಬಗ್ಗೆ ಪುಸ್ತಕ ಬರೆದ ಮೇಲೆ ಜಗತ್ತೆಲ್ಲ ಹಿಂದೆ ಬಿತ್ತು. ನಮ್ಮಲ್ಲಿಗೂ ಪೂರ್ಣ ಪ್ರಮಾಣದಲ್ಲಿ ಬಂದರೆ ಹೇಗಿರುತ್ತದೆ? ಹಿಂದೆ ನಿಂತವರು ಪಾಠ ಮಾಡುವವರ ಪಾಠ ಟಿಪ್ಪಣಿಗೆ ಸಹಿ ಆಗಿದೆಯೇ, ಗೋಡೆಯ ಮೇಲೆ ಕಲಿಕಾ ಫಲಗಳು ಅಂಟಿಸಿವೆಯೇ, ಗುರುತಿನ ಚೀಟಿ ಕೊರಳಲ್ಲಿದೆಯೇ ಎಂದು ನೋಡಿ ಅಂಕ ಹಾಕಿ ಹೋಗುತ್ತಾರೆ. ಮಕ್ಕಳನ್ನು ನೋಡುವುದು ಅವರ ವ್ಯಾಪ್ತಿಗೆ ಬರುವುದಿಲ್ಲ.

ಆದರೂ ಕಳ್ಳದಾರಿಯಲ್ಲಿ ವೃತ್ತಿ ಬೆಳೆಯುತ್ತಲೇ ಇದೆ. ಯಾದಗಿರಿ ಜಿಲ್ಲೆಯ ಸುರಪುರದಂಥ ಕಡೆ ಶಾಲೆ ಮುಗಿದ ಮೇಲೆ, ರಜೆಯ ದಿನ, ಟಿಎ ಇಲ್ಲದೆ ಡಿಎ ಇಲ್ಲದೆ ತಾವಾಗಿ ಸೇರಿ ಗಣಿತ ವಿಜ್ಞಾನ ಚರ್ಚಿಸುವ ಶಿಕ್ಷಕರ ವೇದಿಕೆಗಳು ನಡೆದಿವೆ. ಅಷ್ಟು ದೂರವೂ ಹೋಗಬೇಕಿಲ್ಲ. ಸಂಜೆ ನಾಲ್ಕೂವರೆ ಹೊತ್ತಿಗೆ ಯಾವುದಾದರೂ ಊರಿನ ಕ್ರಾಸಿನಲ್ಲಿ ನಿಂತು ನೋಡಿ. ಅರಳಿಕಟ್ಟೆಯ ಮೇಲೆ ಟಿಫನ್ ಕ್ಯಾರಿಯರ್ ಇಟ್ಟುಕೊಂಡು ಬಸ್ಸಿಗೆ ಕಾಯುವ ನಾಲ್ಕೈದು ಜನ ಟೀಚರುಗಳು ಇರುತ್ತಾರೆ.

“ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆ ಅಂದ್ರೆ ನಮ್ಮ ಮಕ್ಕಳು ಅರ್ಧಕ್ಕರ್ಧ ಮೂವತ್ತೈದು ಬರೀತಾವೆ ಮೇಡಂ. ಏನ್ ಮಾಡೋದು?”

“ಎರಡರಲ್ಲಿ ಏಳು ಹೋಗಲ್ಲ ಅಂತ ಏಳರಲ್ಲಿ ಎರಡು ಕಳೀತಾವೆ. ನಮ್ಮಲ್ಲೂ ಅದೇ ಕಥೆ.”

“ಪಕ್ಕದಿಂದ ದಶಕ ತಗೋ ಅಂತ ಹೇಳೀ ಹೇಳೀ ಸಾಕಾಯ್ತು.”

“ಹೇಳ್ಬೇಡಿ. ಹತ್ತು ರೂಪಾಯಿ ನೋಟು ಐದು, ಒಂದು ರೂಪಾಯಿ ನಾಣ್ಯ ಎರಡು ಕೈಗೆ ಕೊಡಿ, ಆಟದ ದುಡ್ಡಾದ್ರೂ ಆಯ್ತು. ಅಂಗಡಿಯವನಿಗೆ ಇಪ್ಪತ್ತೇಳು ಕೊಡು ಅನ್ನಿ. ಏಳು ರೂಪಾಯಿ ಕೊಡೋಕೆ ಹೋಗಿ ಚಿಲ್ರೆ ಇಲ್ಲ ಮಿಸ್ ಅಂತ ಅವೇ ಹೇಳ್ತಾವೆ. ಆಗ ಒಂದು ನೋಟು ಮುರಿಸೋಕೆ ಹೇಳಿ.”

“ನಾನೂ ಮಾಡ್ಸಿದ್ದೆ,” ಎಂದು ಮೂರನೆಯವರು. “ಒಬ್ಬ ಹುಡುಗ ನೋಟು ಮುರಿಸಿದ್ಮೇಲೂ ಐದು ನೋಟು ಅಂತಲೇ ಎಣಿಸ್ತಾನೆ. ಚಿಲ್ರೆನೂ ಬೇಕು, ನೋಟೂ ಬೇಕು ಅವನಿಗೆ.”

“ಮುರಿಸಿದ ನೋಟು ಅಂಗಡಿಯವನ ಡಬ್ಬಿಗೆ ಹೋಗ್ಬೇಕು. ಕಣ್ಣೆದುರು ಇದ್ರೆ ಎಣಿಸ್ದೆ ಬಿಡ್ತಾನಾ? ಅದಾದ್ಮೇಲೆ ಸ್ಲೇಟಿನ ಮೇಲೆ ಐದನ್ನ ಹೊಡೆದು ನಾಲ್ಕು ಮಾಡ್ಸಿ. ಯಾಕೆ ಹೊಡೆದೆ ಅಂತ ಅವನ ಬಾಯಲ್ಲೇ ಬರಲಿ.”

ಬಸ್ಸು ಬಂತು. ಹತ್ತಿ ಹೋದರು. ಹನ್ನೆರಡು ಹದಿಮೂರು ನಿಮಿಷದ ಮಾತು. ಬ್ಯಾನರ್ ಇಲ್ಲ, ಸಸಿ ಇಲ್ಲ, ಕಪ್ಪೆ ಕುಣಿತ ಇಲ್ಲ. ಸೋಮವಾರ ಬೆಳಿಗ್ಗೆ ಕನಿಷ್ಠ ಎರಡು ಶಾಲೆಯಲ್ಲಿ ಕಳೆಯುವ ಲೆಕ್ಕ ಬೇರೆ ಥರ ನಡೆಯುತ್ತದೆ.

ಈ ಸುದ್ದಿ ಮೇಲಿನವರ ಕಿವಿಗೆ ಬೀಳದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತೇನೆ. ಬಿದ್ದರೆ ಮುಂದಿನದು ನನಗೆ ಅಂಗೈಯಲ್ಲಿ ಕಂಡಷ್ಟು ಸ್ಪಷ್ಟ. ‘ಬಸ್ ನಿಲ್ದಾಣ ಆಧಾರಿತ ಶಿಕ್ಷಕ ನೇತೃತ್ವದ ಕಲಿಕಾ ಸಮುದಾಯ’ ಎಂದು ಅದಕ್ಕೊಂದು ನಾಮಕರಣ. ಪ್ರತಿ ಕ್ರಾಸಿಗೆ ಒಬ್ಬ ನೋಡಲ್ ಶಿಕ್ಷಕ. ಅರಳಿಕಟ್ಟೆಗೆ ಬಣ್ಣ, ಕಟ್ಟೆಯ ಮೇಲೆ ಕಾರ್ಯಕ್ರಮದ ಲಾಂಛನ. ಕಾಯುವ ಅವಧಿ ಕನಿಷ್ಠ 45 ನಿಮಿಷ ಇರತಕ್ಕದ್ದು. ಬಸ್ಸು ಅದಕ್ಕಿಂತ ಮೊದಲೇ ಬಂದಲ್ಲಿ ಹತ್ತದೆ ಮುಂದಿನ ಬಸ್ಸಿಗೆ ಕಾಯುವುದು, ಬಸ್ಸೇ ಬಾರದಿದ್ದಲ್ಲಿ ಸಾರಿಗೆ ಸಂಸ್ಥೆಯ ಘಟಕ ವ್ಯವಸ್ಥಾಪಕರಿಂದ ದೃಢೀಕರಣ ಪಡೆದು ಲಗತ್ತಿಸುವುದು. ಸ್ವಂತ ಬೈಕಿನಲ್ಲಿ ಬರುವ ಶಿಕ್ಷಕರೂ ಬಸ್ಸಿಗೆ ಕಾಯುವುದು ಕಡ್ಡಾಯ. ಚರ್ಚೆಯ ಜಿಪಿಎಸ್ ಫೋಟೋದಲ್ಲಿ ಬಸ್ಸಿನ ನಾಮಫಲಕ ಕಾಣುವಂತಿರಬೇಕು. ಈ ತಿಂಗಳ ಚರ್ಚೆಗೆ ‘ಶಿಕ್ಷಕರ ಸ್ವಯಂ ನೇತೃತ್ವದ ಮಹತ್ವ’ ಎಂಬ ವಿಷಯವನ್ನು ನಿಗದಿಪಡಿಸಲಾಗಿದ್ದು, ಪಿಪಿಟಿಯನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದು. 52ರಲ್ಲಿ 27 ಕಳೆಯುವ ವಿಷಯವು ಪ್ರಸಕ್ತ ಸಾಲಿನ ಕ್ರಿಯಾಯೋಜನೆಯಲ್ಲಿ ಇಲ್ಲದಿರುವುದರಿಂದ ಸದರಿ ವಿಷಯವನ್ನು ಯಾರೂ ಚರ್ಚಿಸತಕ್ಕದ್ದಲ್ಲ.